ಹುತ್ತವನ್ನು ಒಡೆದು ನೋಡಿದವರು

(ಲೇಖಕರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)

ಮಲೆನಾಡಿನ ಚರಿತ್ರೆ ಬರೆಯಲು ಕುಳಿತವರಿಗೆಲ್ಲ ಒಂದು ಅನುಭವ ತಪ್ಪುವುದಿಲ್ಲ. ಹಳೆಯ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೇಲಿನ ಹಾಳೆ ಚೆನ್ನಾಗಿಯೇ ಇರುತ್ತದೆ. ಅದನ್ನು ಎತ್ತಿದರೆ ಕೆಳಗೆ ಕಾಗದ ಇರುವುದಿಲ್ಲ, ಮಣ್ಣು ಇರುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಜಾತಕ, ಸಾಲಪತ್ರ, ಪಾಲುಪಟ್ಟಿ, ಮದುವೆ ಫೋಟೋ, ಶಾಲೆಯ ಹಾಜರಿ ಪುಸ್ತಕ, ಯಾವುದರಲ್ಲೂ ಗೆದ್ದಲು ಭೇದ ಮಾಡಿಲ್ಲ. ಶಾಲೆಯ ಐವತ್ತು ವರ್ಷಗಳ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ನನಗಿಂತ ಬಲ್ಲವರು ಬರೆಯುತ್ತಿದ್ದಾರೆ. ನಾನು ಚರಿತ್ರೆಯನ್ನು ತಿನ್ನುವ ಹುಳುವಿನ ಚರಿತ್ರೆಯನ್ನು, ಅಂದರೆ ಅದನ್ನು ಅರಿಯಲು ಹೊರಟವರ ಚರಿತ್ರೆಯನ್ನು ಬರೆಯುತ್ತೇನೆ.

ಗೆದ್ದಲಿನ ಬಾಯಿಂದ ಕಾಗದ ಉಳಿಸಿಕೊಳ್ಳುವ ವಿದ್ಯೆ ನಮ್ಮಲ್ಲಿ ಹಳೆಯದು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಡತಗಳು ಶೃಂಗೇರಿ ಮಠದಲ್ಲಿ ಇಂದಿಗೂ ಇವೆ. ಓಲೆಗರಿಗಳ ಕಟ್ಟಿನ ನಡುವೆ ಬಜೆ ಬೇರು ಇಡುವುದು, ಗರಿಗೆ ಹುಲ್ಲಿನ ಎಣ್ಣೆ ಸವರುವುದು, ಒಲೆಯ ಹೊಗೆ ತಾಗುವ ಅಟ್ಟದ ಮೇಲೆ ಕಾಗದಪತ್ರ ಇಡುವುದು ಎಲ್ಲವೂ ಅದೇ ಉದ್ದೇಶದ ಉಪಾಯಗಳು. 1916ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನ್ ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳ ಕಟ್ಟನ್ನು ಕಂಡರು. ನೂರಿಪ್ಪತ್ತು ಮಳೆಗಾಲ ದಾಟಿ ಆ ಕಟ್ಟು ಉಳಿದಿತ್ತು. ಅದು ಉಳಿಯದೇ ಹೋಗಿದ್ದರೆ ದಕ್ಷಿಣ ಭಾರತದ ಚರಿತ್ರೆಯ ಒಂದು ಅಧ್ಯಾಯವೇ ಬೇರೆ ರೀತಿ ಇರುತ್ತಿತ್ತು. ನಮ್ಮ ಮೂರು ತಾಲ್ಲೂಕುಗಳಲ್ಲಿ ಉಳಿಯದೇ ಹೋದ ಕಟ್ಟುಗಳೆಷ್ಟೋ.

ಹಿಂದಿನವರು ಗೆದ್ದಲನ್ನು ಹೊರಗಿನಿಂದ ಚೆನ್ನಾಗಿಯೇ ಗಮನಿಸಿದ್ದರು. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ನೆಲದಡಿಯ ನೀರು ಹುಡುಕುವ ಒಂದು ಅಧ್ಯಾಯವೇ ಇದೆ. ಇಂಥ ಮರದ ಇಂಥ ದಿಕ್ಕಿನಲ್ಲಿ ಹುತ್ತವಿದ್ದರೆ ಇಷ್ಟು ಆಳದಲ್ಲಿ ನೀರು ಎಂಬ ಲೆಕ್ಕ ಅಲ್ಲಿದೆ. ಗೆದ್ದಲಿಗೆ ತೇವ ಬೇಕೇ ಬೇಕು. ಹಾಗಾಗಿ ಅದರಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಹುತ್ತ ನಂಬಿ ಬೋರ್‌ವೆಲ್ ಕೊರೆಸಿ ಎಂದು ನಾನು ಯಾರಿಗೂ ಹೇಳಲಾರೆ. ಹುತ್ತದ ಮಣ್ಣು ತಂದು ಒಲೆ ಹಾಕುವುದು, ಕಣ ಮಾಡುವುದು, ಗೋಡೆಗೆ ಮೆತ್ತುವುದು ನಮ್ಮ ಅಜ್ಜಿಯರ ಕಾಲದವರೆಗೂ ನಡೆದಿತ್ತು. ಹುತ್ತಕ್ಕೆ ಹಾಲೆರೆಯುವ ಪದ್ಧತಿಯಂತೂ ಎಲ್ಲರಿಗೂ ಗೊತ್ತು. ಹುತ್ತವನ್ನು ಒಡೆದು, ಒಳಗೆ ಏನಿದೆ ಎಂದು ಎಣಿಸಿ, ಅಳೆದು ಬರೆದಿಡುವ ಕೆಲಸ ಮಾತ್ರ ತಡವಾಗಿ ಶುರುವಾಯಿತು. ಅದು ಶುರುವಾದದ್ದು ದಕ್ಷಿಣ ಭಾರತದಲ್ಲೇ ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ.

ಯೊಹಾನ್ ಗೆರ್ಹಾರ್ಡ್ ಕೋನಿಗ್ ಎಂಬಾತ ಸ್ವೀಡನ್ನಿನ ಪ್ರಸಿದ್ಧ ಸಸ್ಯವಿಜ್ಞಾನಿ ಲಿನೀಯಸ್‌ನ ಶಿಷ್ಯ. 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ, ಅಲ್ಲಿದ್ದ ಡೇನಿಶ್ ಮಿಷನ್ನಿನ ವೈದ್ಯನಾಗಿ ಬಂದ. ರೋಗಿಗಳನ್ನು ನೋಡುವುದಕ್ಕಿಂತ ಗಿಡ ಮತ್ತು ಹುಳುಗಳನ್ನು ನೋಡುವುದರಲ್ಲೇ ಅವನಿಗೆ ಆಸಕ್ತಿ. 1779ರಲ್ಲಿ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ‘ಬಿಳಿ ಇರುವೆಗಳೆಂದು ಕರೆಯಲಾಗುವ’ ಜೀವಿಗಳ ಬಗ್ಗೆ ಜರ್ಮನ್ ಭಾಷೆಯಲ್ಲಿ ದೀರ್ಘ ಲೇಖನ ಬರೆದ. ಗೆದ್ದಲಿನ ಬಗ್ಗೆ ಬಂದ ಮೊದಮೊದಲ ವೈಜ್ಞಾನಿಕ ಬರಹಗಳಲ್ಲಿ ಅದೂ ಒಂದು. ಹುತ್ತದ ಒಳಗೆ ಸ್ಪಂಜಿನಂಥ ಮುದ್ದೆಗಳಿರುವುದನ್ನೂ, ಅವುಗಳ ಮೇಲೆ ಬೂಸ್ಟು ಬೆಳೆದಿರುವುದನ್ನೂ ಅವನು ನೋಡಿದ್ದ. ತಂಜಾವೂರಿನ ಸೀಮೆಯ ಜನ ಮಳೆಹುಳುಗಳನ್ನು ಹಿಡಿದು ಹಿಟ್ಟಿನೊಂದಿಗೆ ಕಲಸಿ ತಿನ್ನುತ್ತಿದ್ದ ಬಗೆಯನ್ನೂ ಬರೆದಿಟ್ಟ. ಎರಡು ವರ್ಷಗಳ ನಂತರ, 1781ರಲ್ಲಿ, ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಇದ್ದು ಬಂದ ಹೆನ್ರಿ ಸ್ಮೀತ್‌ಮನ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇನ್ನೂ ವಿವರವಾಗಿ ಬರೆದ. ಹೆಸರು ಬಂದದ್ದು ಸ್ಮೀತ್‌ಮನ್‌ಗೆ. ಕೋನಿಗ್‌ನನ್ನು ನಾವು ಮರೆತೆವು.

ರಾಜ, ರಾಣಿ, ಸೈನಿಕ, ಕೆಲಸಗಾರ ಎಂಬ ಹೆಸರುಗಳು ಬೇರೂರಿದ್ದು ಸ್ಮೀತ್‌ಮನ್ ಕಾಲದಿಂದ. ದೊಡ್ಡ ರಾಣಿಯೊಂದು ದಿನಕ್ಕೆ ಎಂಬತ್ತು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದೆಂದು ಅವನ ಲೆಕ್ಕ. ರಾಜರ ಕಾಲದವರಿಗೆ ಎಲ್ಲೆಲ್ಲೂ ರಾಜರೇ ಕಂಡರೇನೋ! ನಿಜವಾಗಿ ಗೆದ್ದಲಿನ ರಾಣಿ ಯಾರಿಗೂ ಆಜ್ಞೆ ಕೊಡುವುದಿಲ್ಲ. ಹೆಬ್ಬೆರಳಿನಷ್ಟು ದಪ್ಪಗೆ ಊದಿಕೊಂಡು, ಗಟ್ಟಿ ಮಣ್ಣಿನ ಕೋಣೆಯಲ್ಲಿ ಬಿದ್ದುಕೊಂಡು, ಸಾಯುವವರೆಗೆ ಮೊಟ್ಟೆ ಇಡುತ್ತದೆ. ಅದನ್ನು ಕೈದಿ ಎಂದರೂ ತಪ್ಪಾಗದು. ಇನ್ನು ‘ಬಿಳಿ ಇರುವೆ’ ಎಂಬ ಹೆಸರು ಇನ್ನೂ ದೊಡ್ಡ ತಪ್ಪು. ಗೆದ್ದಲು ಇರುವೆಯ ಬಂಧುವೇ ಅಲ್ಲ, ಅದರ ವೈರಿ. 2007ರಲ್ಲಿ ಲಂಡನ್ನಿನ ವಿಜ್ಞಾನಿಗಳು ಡಿಎನ್‌ಎ ಹೋಲಿಸಿ ಖಚಿತಪಡಿಸಿದ ಪ್ರಕಾರ ಗೆದ್ದಲು ಜಿರಳೆಯ ವಂಶದ್ದು, ಊರು ಕಟ್ಟಿಕೊಂಡು ಬದುಕಲು ಕಲಿತ ಜಿರಳೆ. ಪ್ರೌಢಶಾಲೆಯಲ್ಲಿ ನಾವು ‘ಐಸಾಪ್ಟೆರ’ ಎಂದು ಉರು ಹೊಡೆದ ಪ್ರತ್ಯೇಕ ಗಣವನ್ನು ಈಗ ಜಿರಳೆಗಳ ಗಣದೊಳಕ್ಕೇ ಸೇರಿಸಿದ್ದಾರೆ.

ಕೋನಿಗ್ ಕಂಡ ಬೂಸ್ಟಿನ ಕಥೆಗೆ ಬರೋಣ. ನಮ್ಮ ಕಡೆಯವರಿಗೆ ಇದು ಅಡುಗೆಮನೆಯ ವಿಷಯವೂ ಹೌದು. ಮಳೆ ಹಿಡಿದ ಮೇಲೆ ಹುತ್ತದ ಸುತ್ತ ಏಳುವ ಉದ್ದ ಕಾಲಿನ ಅಣಬೆಯನ್ನು ಕಿತ್ತು ನೋಡಿದವರಿಗೆ ಗೊತ್ತು: ಅದರ ಬೇರಿನಂಥ ತುದಿ ಎಷ್ಟು ಅಗೆದರೂ ಮುಗಿಯುವುದಿಲ್ಲ, ನೆಲದೊಳಗೆ ಎಲ್ಲಿಗೋ ಇಳಿಯುತ್ತದೆ. ಎಲ್ಲಿಗೆ ಎಂಬುದನ್ನು ಸರಿಯಾಗಿ ಅಗೆದು ನೋಡಿದವರಲ್ಲಿ ಮುಖ್ಯನಾದವನು ಸಿಲೋನಿನ ಪೇರಾದೆಣಿಯ ಸಸ್ಯೋದ್ಯಾನದಲ್ಲಿದ್ದ ಥಾಮಸ್ ಪೆಚ್. 1906ರಲ್ಲಿ ಅವನು ಪ್ರಕಟಿಸಿದ ಅಧ್ಯಯನ ಹುತ್ತದೊಳಗಿನ ಮುದ್ದೆಯನ್ನೂ ಹೊರಗಿನ ಅಣಬೆಯನ್ನೂ ಜೋಡಿಸಿ ನೋಡಿತು. 1942ರಲ್ಲಿ ಫ್ರಾನ್ಸಿನ ರೋಜರ್ ಹೈಮ್ ಈ ಅಣಬೆಗಳಿಗೆ ‘ಟರ್ಮಿಟೋಮೈಸಿಸ್’ ಎಂಬ ಪ್ರತ್ಯೇಕ ಕುಲದ ಹೆಸರಿಟ್ಟ.

ಒಳಗೆ ನಡೆಯುವುದು ಅಕ್ಷರಶಃ ಬೇಸಾಯ. ಕೆಲಸಗಾರ ಗೆದ್ದಲುಗಳು ಒಣ ಎಲೆ, ಕಡ್ಡಿ, ತೊಗಟೆ ತಿಂದು ಬಂದು, ಅರೆಜೀರ್ಣವಾದ ಮಲವನ್ನು ಮುದ್ದೆ ಮುದ್ದೆಯಾಗಿ ಒಟ್ಟುತ್ತವೆ. ಅದು ಗೊಬ್ಬರದ ಪಾತಿ. ಅದರ ಮೇಲೆ ಶಿಲೀಂಧ್ರ ಬೆಳೆದು, ಮರದಲ್ಲಿರುವ ಗಟ್ಟಿ ಪದಾರ್ಥವನ್ನು ಮೆತ್ತಗೆ ಮಾಡುತ್ತದೆ. ಗೆದ್ದಲು ಆ ಶಿಲೀಂಧ್ರದ ಬಿಳಿ ಗುಂಡುಗಳನ್ನೂ ಹಳೆಯ ಪಾತಿಯನ್ನೂ ತಿನ್ನುತ್ತದೆ. ಆಫ್ರಿಕಾದ ಮಳೆಕಾಡಿನಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಈ ಬೇಸಾಯ ಶುರುವಾಯಿತೆಂದು ಅಂದಾಜು. ಮನುಷ್ಯನ ಬೇಸಾಯಕ್ಕೆ ಹತ್ತು ಹನ್ನೆರಡು ಸಾವಿರ ವರ್ಷ. ನಮ್ಮ ಕಡೆ ಎದ್ದು ಕಾಣುವ ಎತ್ತರದ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಒಬೆಸಸ್ ಈ ರೈತ ಜಾತಿಗೆ ಸೇರಿದ್ದು. ಎಲ್ಲ ಗೆದ್ದಲೂ ಹೀಗಲ್ಲ. ಬೇರೆ ಕೆಲವು ಗುಂಪುಗಳ ಹೊಟ್ಟೆಯಲ್ಲಿ ಏಕಕೋಶ ಜೀವಿಗಳಿರುತ್ತವೆ, ಮರವನ್ನು ಜೀರ್ಣಿಸುವುದು ಅವುಗಳ ಸಹಾಯದಿಂದ. ಅಮೆರಿಕದ ಕ್ಲೀವ್‌ಲೆಂಡ್ 1920ರ ದಶಕದಲ್ಲಿ ಆ ಜೀವಿಗಳನ್ನು ಮಾತ್ರ ಕೊಂದು ತೋರಿಸಿದ: ಗೆದ್ದಲು ಎಂದಿನಂತೆ ಮರ ತಿನ್ನುತ್ತಲೇ ಇತ್ತು, ಆದರೆ ಹಸಿವಿನಿಂದ ಸತ್ತಿತು.

ನಮ್ಮ ಸೀಮೆಗೆ ಆಧುನಿಕ ವಿಜ್ಞಾನ ಕಾಲಿಟ್ಟದ್ದು ಗೆದ್ದಲಿನ ನೆಪದಲ್ಲಲ್ಲ, ಕೊಳೆರೋಗದ ನೆಪದಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗದ ಕಾರಣ ಹುಡುಕಿ, 1910ರ ಹೊತ್ತಿಗೆ ಅದರ ಬಗ್ಗೆ ಬರೆದು, ಬೋರ್ಡೋ ದ್ರಾವಣ ಹೊಡೆಯುವುದನ್ನು ಬಳಕೆಗೆ ತಂದರು. ಅವರ ಕಾಲದಲ್ಲೇ, 1925ರಲ್ಲಿ, ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಕೋಲ್ಮನ್ ಮೊದಲು ರೋಗ ಯಾವುದೆಂದು ಗುರುತಿಸಿದರು, ಆಮೇಲೆ ಔಷಧಿ ಹೇಳಿದರು. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ. ಗೆದ್ದಲಿನ ವಿಷಯದಲ್ಲಿ ಹೀಗಾಗಲಿಲ್ಲ.

ಗುರುತಿಸುವ ಕೆಲಸ ನಡೆದಿರಲಿಲ್ಲ ಎಂದಲ್ಲ. ಮುಂಬಯಿಯ ಸೇಂಟ್ ಜೇವಿಯರ್ಸ್ ಕಾಲೇಜಿನ ಪಾದ್ರಿ ಜೋಸೆಫ್ ಆಸ್ಮುತ್ 1913ರಲ್ಲೇ ಮುಂಬಯಿ ಪ್ರಾಂತ್ಯದ ಮರ ತಿನ್ನುವ ಗೆದ್ದಲುಗಳ ಬಗ್ಗೆ ಬರೆದಿದ್ದರು. ಸ್ವೀಡನ್ನಿನ ಇಬ್ಬರು ಹೋಲ್ಮ್‌ಗ್ರೆನ್‌ರು 1917ರಲ್ಲಿ ಭಾರತದ ಸಂಗ್ರಹವನ್ನು ಪರಿಶೀಲಿಸಿ ವರದಿ ಮಾಡಿದರು. ಆಮೇಲೆ ಎಂ.ಎಲ್. ರೂನ್‌ವಾಲ್ ಮತ್ತು ಒ.ಬಿ. ಛೋಟಾನಿ ಜೀವಮಾನವೆಲ್ಲ ಈ ಕೆಲಸಕ್ಕೆ ಕೊಟ್ಟರು. ಅವರ ಗ್ರಂಥದ ಎರಡು ಸಂಪುಟಗಳು 1989 ಮತ್ತು 1997ರಲ್ಲಿ ಬಂದವು. ಜಗತ್ತಿನಲ್ಲಿ ಸುಮಾರು 3000, ಭಾರತದಲ್ಲಿ ಸುಮಾರು 300 ಜಾತಿಯ ಗೆದ್ದಲುಗಳಿವೆ. ಮನೆಗೋ ಬೆಳೆಗೋ ನಿಜವಾದ ಹಾನಿ ಮಾಡುವವು ಅವುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. ಉಳಿದವು ಕಾಡಿನ ದರಗನ್ನು, ಬಿದ್ದ ಮರವನ್ನು ಮಣ್ಣು ಮಾಡುವ ಕೂಲಿಗಳು. ಸೊಪ್ಪಿನ ಬೆಟ್ಟದಿಂದ ತಂದು ತೋಟಕ್ಕೆ ಹಾಸಿದ ಸೊಪ್ಪು ಒಂದೆರಡು ವರ್ಷದಲ್ಲಿ ಎಲ್ಲಿ ಹೋಯಿತೆಂದು ಕೇಳಿದರೆ, ಉತ್ತರದಲ್ಲಿ ಗೆದ್ದಲಿನ ಹೆಸರೂ ಬರಬೇಕು.

ಆದರೆ ಈ ಗ್ರಂಥಗಳು ಗ್ರಂಥಾಲಯದಲ್ಲಿದ್ದವು. ತೋಟಕ್ಕೂ ಮನೆಗೂ ಬಂದದ್ದು ಡಬ್ಬಿ.

ಮೊದಲ ಉಪಾಯ ಭಾರತದ್ದೇ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶನ್ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮರಕ್ಕೆ ಊಡಿಸುವ ದ್ರಾವಣ ಕಂಡುಹಿಡಿದರು. ‘ಆಸ್ಕು’ ಎಂಬ ಹೆಸರಿನಲ್ಲಿ ಅದು ಪ್ರಪಂಚವೆಲ್ಲ ಸುತ್ತಿತು. ಕಂಬ, ಬೇಲಿ, ಸೇತುವೆಗಳ ಆಯಸ್ಸು ಹತ್ತಾರು ವರ್ಷ ಹೆಚ್ಚಿತು. ಆರ್ಸೆನಿಕ್ಕಿನ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು. ಆಸ್ಕು ಮರದೊಳಗೇ ಕೂರುವ ವಿಷ. ಎರಡನೆಯ ಮಹಾಯುದ್ಧದ ನಂತರ ಬಂದವು ಮಣ್ಣಿಗೇ ಸುರಿಯುವ ವಿಷಗಳು: ಬಿ.ಎಚ್.ಸಿ., ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್. 1971ರಲ್ಲಿ ಮೊದಲು ಹೊರಬಂದ, ಕಟ್ಟಡಗಳಿಗೆ ಗೆದ್ದಲು ಹತ್ತದಂತೆ ನೋಡಿಕೊಳ್ಳುವ ಭಾರತೀಯ ಮಾನಕ ಐ.ಎಸ್. 6313 ಈ ಕೊನೆಯ ಮೂರನ್ನೂ ಅಡಿಪಾಯದ ಮಣ್ಣಿಗೆ ಹಾಕಲು ಹೇಳಿತು. ಅದನ್ನು ಬರೆದವರನ್ನು ದೂರಿ ಫಲವಿಲ್ಲ, ಆಗ ಪ್ರಪಂಚದ ಹಲವು ದೇಶಗಳು ಅದನ್ನೇ ಮಾಡುತ್ತಿದ್ದವು.

ಬಿ.ಎಚ್.ಸಿ. ಎಂದರೆ ಯಾರಿಗೂ ಗೊತ್ತಾಗದು. ಗೆಮಾಕ್ಸಿನ್ ಪುಡಿ ಎಂದರೆ ನನ್ನ ವಯಸ್ಸಿನವರಿಗೂ ನನಗಿಂತ ಹಿರಿಯರಿಗೂ ಮೂಗಿಗೇ ನೆನಪಾಗುತ್ತದೆ. ಅಟ್ಟದ ಮೂಲೆಗೆ, ಪುಸ್ತಕದ ಕಪಾಟಿನ ಹಿಂದೆ, ತೆಂಗಿನ ಸಸಿಯ ಗುಂಡಿಗೆ, ಅಕ್ಕಿ ಕಣಜದ ಬುಡಕ್ಕೂ ಅದೇ ಪುಡಿ. ಬರಿಗೈಯಲ್ಲಿ ಎರಚಿ, ಅದೇ ಕೈಯಲ್ಲಿ ಎಲೆ ಅಡಿಕೆ ಹಾಕಿಕೊಂಡವರನ್ನು ನಾನೇ ನೋಡಿದ್ದೇನೆ. ಈ ವಿಷಗಳು ಗೆದ್ದಲನ್ನು ಕೊಂದವು, ನಿಜ. ಆದರೆ ಯಾವ ಗುಣಕ್ಕಾಗಿ ಅವನ್ನು ಹೊಗಳಿದರೋ ಅದೇ ಅವುಗಳ ದೋಷವೂ ಆಗಿತ್ತು: ಅವು ಕರಗಿ ಹೋಗುವುದಿಲ್ಲ. ಕ್ಲೋರ್ಡೇನ್ ಮಣ್ಣಿನಲ್ಲಿ ಇಪ್ಪತ್ತು ವರ್ಷ ದಾಟಿಯೂ ಇರಬಲ್ಲದು. ಹುಳುವಿನಿಂದ ಕೋಳಿಗೆ, ಮೀನಿಗೆ, ಹಸುವಿನ ಹಾಲಿಗೆ, ತಾಯಿಯ ಹಾಲಿಗೆ ಅವು ಏರುತ್ತ ಹೋಗುತ್ತವೆ. ಭಾರತದಲ್ಲಿ ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು. 2001ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ದೇಶಗಳೆಲ್ಲ ಸೇರಿ ಪ್ರಪಂಚದಿಂದಲೇ ತೆಗೆಯಬೇಕಾದ 12 ವಿಷಗಳ ಪಟ್ಟಿ ಮಾಡಿದಾಗ, ಅದರಲ್ಲಿ ಆಲ್ಡ್ರಿನ್, ಡೈಎಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್, ಮಿರೆಕ್ಸ್ ಐದೂ ಗೆದ್ದಲಿಗೆ ಬಳಸುತ್ತಿದ್ದವು. ಅವುಗಳ ಜಾಗಕ್ಕೆ ಬಂದ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ ಕೆಲವು ವಿನಾಯಿತಿಗಳೊಂದಿಗೆ ಅದೇ ಪಟ್ಟಿಗೆ ಸೇರಿದೆ. ಹಳೆಯ ಮನೆಯ ಅಟ್ಟದಲ್ಲಿ ಹೆಸರು ಅಳಿಸಿಹೋದ ಡಬ್ಬಿ ಯಾರಿಗಾದರೂ ಸಿಕ್ಕಿದರೆ ತೊಳೆದು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬೇಡಿ, ತುಂಗೆಗೋ ಭದ್ರೆಗೋ ಸುರಿಯಲೂ ಬೇಡಿ.

ವಿಷ ಸುರಿಯುತ್ತಿದ್ದ ಕಾಲದಲ್ಲೇ ಬೇರೆ ಕೆಲವರು ಗೆದ್ದಲನ್ನು ಸುಮ್ಮನೆ ಕೂತು ನೋಡುತ್ತಿದ್ದರು. ಅದರ ಫಲ ಅನಿರೀಕ್ಷಿತ ಕಡೆಗಳಲ್ಲಿ ಬಂತು. ಕಾಫಿ ತೋಟದಲ್ಲಿ ಬಿಳಿ ಕಾಂಡಕೊರಕಕ್ಕೆ ಕಟ್ಟುವ ಫೆರೊಮೋನ್ ಬಲೆ ನಮ್ಮವರಿಗೆ ಪರಿಚಿತ. ‘ಫೆರೊಮೋನ್’ ಎಂಬ ಪದವನ್ನು 1959ರಲ್ಲಿ ಹುಟ್ಟಿಸಿದ ಇಬ್ಬರಲ್ಲಿ ಒಬ್ಬರಾದ ಮಾರ್ಟಿನ್ ಲೂಷರ್ ಗೆದ್ದಲಿನ ಸಂಶೋಧಕರು. ಅದೇ ವರ್ಷ ಫ್ರಾನ್ಸಿನ ಪಿಯೆರ್-ಪೌಲ್ ಗ್ರಾಸೆ, ಯಜಮಾನನಿಲ್ಲದೆ ಲಕ್ಷಾಂತರ ಗೆದ್ದಲುಗಳು ಹುತ್ತ ಕಟ್ಟುವ ರಹಸ್ಯಕ್ಕೆ ಒಂದು ವಿವರಣೆ ಕೊಟ್ಟರು. ಒಂದು ಗೆದ್ದಲು ಮಣ್ಣಿನ ಉಂಡೆ ಇಡುತ್ತದೆ. ಆ ಉಂಡೆಯೇ ಮುಂದಿನ ಗೆದ್ದಲಿಗೆ ‘ಇಲ್ಲಿಡು’ ಎಂಬ ಸೂಚನೆ. ಯಾರೂ ಯಾರೊಂದಿಗೂ ಮಾತಾಡುವುದಿಲ್ಲ, ಆಗಿರುವ ಕೆಲಸವೇ ಆಗಬೇಕಾದ ಕೆಲಸವನ್ನು ಹೇಳುತ್ತದೆ. ಈ ವಿಚಾರ ನನ್ನ ವೃತ್ತಿಗೆ ಬಂದು ಸೇರಿದೆ. 1990ರ ದಶಕದಲ್ಲಿ ಇರುವೆಗಳ ದಾರಿ ಹುಡುಕುವ ಕ್ರಮವನ್ನು ಕಂಪ್ಯೂಟರಿಗೆ ಕಲಿಸಿದಾಗ ಅದರ ಬೇರು ಗ್ರಾಸೆಯವರ ಗೆದ್ದಲಿನಲ್ಲಿತ್ತು. 2014ರಲ್ಲಿ ಹಾರ್ವರ್ಡಿನ ರಾಧಿಕಾ ನಾಗ್‌ಪಾಲ್ ಅವರ ತಂಡ ಗೆದ್ದಲಿನಂತೆ ಇಟ್ಟಿಗೆ ಜೋಡಿಸುವ ಪುಟ್ಟ ರೋಬೋಟುಗಳನ್ನು ತೋರಿಸಿತು. ಕೋಡ್ ಬರೆಯಲು ಕಲಿತ ಮೇಲೆ ಪುಸ್ತಕದಲ್ಲಿ ಇದನ್ನು ಓದಿದಾಗ, ಪಾಠಕ್ಕೆ ಬೇಕಾದ ಮಾದರಿ ಶಾಲೆಯ ಮೈದಾನದ ಅಂಚಿನಲ್ಲೇ ಇತ್ತಲ್ಲ ಎನ್ನಿಸಿತು.

ಕರ್ನಾಟಕದಲ್ಲಿ ಈ ವಿಜ್ಞಾನ ಬೆಳೆದ ಕಥೆ ಹೆಮ್ಮೆಪಡುವಂಥದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ರಾಜಗೋಪಾಲ್ ಮೊದಲಾದವರು ರಾಜ್ಯದ ಬೆಳೆಗಳಿಗೆ ಹತ್ತುವ ಗೆದ್ದಲುಗಳ ಅಧ್ಯಯನ ನಡೆಸಿದರು. 1990ರಲ್ಲಿ ಸಂಘಜೀವಿ ಕೀಟಗಳ ಹನ್ನೊಂದನೆಯ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಅದರ ಸಂಪುಟದ ಸಂಪಾದಕರಲ್ಲಿ ಜಿ.ಕೆ. ವೀರೇಶ್ ಒಬ್ಬರು. 2015ರಲ್ಲಿ ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಆಕ್ಕೊ, ಎಲ್. ಮಹದೇವನ್ ಬೆಂಗಳೂರಿನ ಹುತ್ತಗಳೊಳಗೆ ಗಾಳಿಯ ಚಲನೆ ಅಳೆದರು. ಹಗಲು ಹುತ್ತದ ಹೊರಗಿನ ಏಣುಗಳು ಬೇಗ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ, ನಡುವಿನ ಗಾಳಿ ಇಳಿಯುತ್ತದೆ. ರಾತ್ರಿ ಹೊರಭಾಗ ತಣಿದು ಸುತ್ತು ತಿರುಗುಮುರುಗಾಗುತ್ತದೆ. ಹಗಲು ರಾತ್ರಿಯ ಬಿಸಿ ತಂಪಿನ ವ್ಯತ್ಯಾಸವನ್ನೇ ಬಳಸಿ ಹುತ್ತ ಉಸಿರಾಡುತ್ತದೆ. ಕರೆಂಟಿನ ಬಿಲ್ಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ತೇಜಸ್ ಮೂರ್ತಿ ಅವರ ತಂಡ ನಮ್ಮ ಅಜ್ಜಿಯರ ಮಣ್ಣನ್ನೇ ಪ್ರಯೋಗಾಲಯಕ್ಕೆ ಒಯ್ದಿತು. 2017ರಿಂದ 2020ರವರೆಗೆ ಬಂದ ಅವರ ಲೇಖನಗಳ ಪ್ರಕಾರ ಗೆದ್ದಲು ಎರಡು ಅಳತೆಯ ಉಂಡೆಗಳನ್ನು ಮಾಡುತ್ತದೆ. ದೊಡ್ಡ ಉಂಡೆಗಳ ಸಂದಿಗೆ ಚಿಕ್ಕವು ಕೂತು ಗೋಡೆ ಒತ್ತಾಗುತ್ತದೆ. ಗಟ್ಟಿತನಕ್ಕೆ ಸರಿಯಾದ ಹದದ ನೀರು ಸಾಕು. ಆದರೆ ಮಳೆಗೆ ಕರಗದಿರಲು ಗೆದ್ದಲಿನ ಜೊಲ್ಲು ಬೇಕು. ಅದೇ ಸಂಸ್ಥೆಯಲ್ಲಿ ನಡೆದ ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ: ಪಾತಿಯಲ್ಲಿ ಕಳೆಶಿಲೀಂಧ್ರ ಬಂದರೆ ಗೆದ್ದಲು ವಾಸನೆಯಿಂದಲೇ ಗುರುತಿಸಿ ಅದರ ಮೇಲೆ ಮಣ್ಣು ಮುಚ್ಚುತ್ತದೆ. ಬೆಳೆಯನ್ನು ಹಾಗೇ ಬಿಡುತ್ತದೆ.

ನಿಯಂತ್ರಣದ ಹೊಸ ದಾರಿಗಳು ಸೋತದ್ದೂ ಗೆದ್ದಲಿನ ಈ ಜಾಣತನದ ಮುಂದೆಯೇ. ಗೆದ್ದಲನ್ನು ಕೊಲ್ಲುವ ಮೆಟರೈಜಿಯಂ ಎಂಬ ಶಿಲೀಂಧ್ರ ಗಾಜಿನ ತಟ್ಟೆಯಲ್ಲಿ ಚೆನ್ನಾಗಿ ಕೊಲ್ಲುತ್ತದೆ. ಹುತ್ತದಲ್ಲಿ ಗೆದ್ದಲುಗಳು ಪರಸ್ಪರ ಮೈ ನೆಕ್ಕಿ ಬೀಜ ತೆಗೆಯುತ್ತವೆ, ಸತ್ತವನ್ನು ಹೂಳುತ್ತವೆ. 1990ರ ದಶಕದಲ್ಲಿ ಫ್ಲಾರಿಡಾದ ನಾನ್-ಯಾವೊ ಸು ಅವರು ತಂದ ಆಮಿಷ ಪದ್ಧತಿ ಹೆಚ್ಚು ಬುದ್ಧಿವಂತಿಕೆಯದು. ಮಣ್ಣಿಗೆ ವಿಷ ಸುರಿಯುವ ಬದಲು, ಪೊರೆ ಬಿಡುವುದನ್ನು ತಡೆಯುವ ಮದ್ದನ್ನು ಚೂರೇ ಚೂರು ಮರದ ತುಂಡಿನಲ್ಲಿಟ್ಟು ಗೆದ್ದಲೇ ಗೂಡಿಗೆ ಒಯ್ಯುವಂತೆ ಮಾಡುವುದು. ಅಮೆರಿಕದ ಗೆದ್ದಲುಗಳ ಮೇಲೆ ಅದು ಚೆನ್ನಾಗಿ ನಡೆಯಿತು. ಶಿಲೀಂಧ್ರ ಬೆಳೆಯುವ ನಮ್ಮ ಗೆದ್ದಲಿನ ಮೇಲೆ ಅಷ್ಟು ಸುಲಭವಲ್ಲ. ಯಾವ ಗೆದ್ದಲು ಎಂದು ನೋಡದೆ ಯಾವ ಮದ್ದೂ ಹೇಳಬಾರದು ಎನ್ನುವುದಕ್ಕೆ ಇದೂ ಒಂದು ಉದಾಹರಣೆ.

ಶಾಲೆಗೆ ಹೊಸ ಕೊಠಡಿ ಕಟ್ಟುವ ಮಾತು ಬಂದಾಗಲೆಲ್ಲ ಮೊದಲು ಕೇಳುವ ಪ್ರಶ್ನೆ ‘ಗೆದ್ದಲಿಗೆ ಏನು ಹೊಡೆಸುತ್ತೀರಿ’ ಎಂದು. ಐ.ಎಸ್. 6313ರ ಮೊದಲ ಭಾಗದಲ್ಲಿ ಔಷಧಿಯ ಮಾತೇ ಇಲ್ಲ, ಕಟ್ಟುವ ಕ್ರಮ ಮಾತ್ರ ಇದೆ. ಅಡಿಪಾಯ ತುಂಬುವಾಗ ಸೆಂಟ್ರಿಂಗ್ ಹಲಗೆ, ಗೂಟ, ಬೇರು, ಸಿಮೆಂಟಿನ ಚೀಲದ ಚೂರು ಮಣ್ಣಿನಲ್ಲಿ ಉಳಿಯಬಾರದು. ಪಂಚಾಂಗದ ಮೇಲೆ ಬಿರುಕಿಲ್ಲದ ಕಾಂಕ್ರೀಟ್ ಪಟ್ಟಿ ಬೇಕು. ಗೋಡೆಯ ಬುಡಕ್ಕೆ ಸೂರಿನ ನೀರು ನಿಲ್ಲಬಾರದು. ಇದಿಷ್ಟು ಮಾಡಿದರೆ ಔಷಧಿಯ ಕೆಲಸ ಬಹಳ ಕಡಿಮೆಯಾಗುತ್ತದೆ. ಮೈದಾನದ ಅಂಚಿನ ಹುತ್ತವನ್ನು ಕೆಡವುವುದರಿಂದ ಗ್ರಂಥಾಲಯ ಉಳಿಯುತ್ತದೆಂಬ ಖಾತ್ರಿಯಿಲ್ಲ. ಆ ಜಾತಿಯೂ ಮರ ತಿನ್ನುವುದು ನಿಜ. ಆದರೆ ಗೋಡೆ ಹತ್ತುವ ಗೆದ್ದಲಿನ ಗೂಡು ಹಲವು ಬಾರಿ ನೆಲದಡಿಯೇ ಇದ್ದು ಹೊರಗೆ ಹುತ್ತ ಕಾಣುವುದೇ ಇಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಇಟ್ಟು, ಗೋಡೆಯ ಮೇಲೆ ಮಣ್ಣಿನ ಗೆರೆ ಎದ್ದಿದೆಯೇ ಎಂದು ಶನಿವಾರಕ್ಕೊಮ್ಮೆ ನೋಡುವ ಹುಡುಗನೊಬ್ಬ ಇದ್ದರೆ ಪುಸ್ತಕಗಳು ಹೆಚ್ಚು ಕಾಲ ಬಾಳುತ್ತವೆ.

ಹುತ್ತವನ್ನು ಹಾಗೇ ಬಿಟ್ಟರೆ ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡಬಹುದು. ಮೊದಲ ಮಳೆಯ ನಂತರ ಯಾವ ತಾರೀಖು, ಎಷ್ಟು ಗಂಟೆಗೆ ಮಳೆಹುಳು ಎದ್ದವು, ಹಿಂದಿನ ದಿನ ಎಷ್ಟು ಮಳೆ ಬಂದಿತ್ತು, ಅಣಬೆ ಯಾವತ್ತು ಬಂತು, ಅಷ್ಟನ್ನೇ ಪ್ರತಿ ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಇಪ್ಪತ್ತು ವರ್ಷ ಹೀಗೆ ಬರೆದರೆ ಬೆಂಗಳೂರಿನ ಯಾವ ಪ್ರಯೋಗಾಲಯದವರೂ ಅದನ್ನು ಕೇಳಿಕೊಂಡು ನಮ್ಮ ಶಾಲೆಗೆ ಬಂದಾರು. ನೋಟ್‌ಬುಕ್ಕನ್ನು ಮಾತ್ರ ಕಬ್ಬಿಣದ ಬೀರುವಿನಲ್ಲಿಡಿ.